ಹಳೆಯ ಫ್ರೆಂಚ್ ಕುರ್ಚಿಗೆ ಎದ್ದು ಕಾಣುವ ಹೊಸ ಬಟ್ಟೆ: ಬಿಚ್ಚುವುದರಿಂದ ಹೊದಿಸುವವರೆಗೆ

18ನೇ ಶತಮಾನದ ಪ್ಯಾರಿಸ್‌ನ ಸಿರಿವಂತರ ಮನೆಗಳಲ್ಲಿ ಕುರ್ಚಿಯ ಬಟ್ಟೆ ಋತುವಿಗೆ ತಕ್ಕಂತೆ ಬದಲಾಗುತ್ತಿತ್ತು. ಚಳಿಗಾಲಕ್ಕೆ ದಪ್ಪ ಮಖಮಲ್ಲು, ಬೇಸಿಗೆಗೆ ತೆಳು ರೇಷ್ಮೆ. ಕೆಲವು ಕುರ್ಚಿಗಳಲ್ಲಂತೂ ಆಸನ, ಬೆನ್ನು, ತೋಳಿನ ಮೆತ್ತೆ ಎಲ್ಲವನ್ನೂ ಬೇರೆ ಒಳಚೌಕಟ್ಟಿನ ಮೇಲೆ ಕಟ್ಟಿ, ಬೇಕೆಂದಾಗ ಕಳಚಿ ಬೇರೆಯದನ್ನು ಕೂರಿಸುವ ಏರ್ಪಾಡಿತ್ತು. ಹಾಗಾಗಿ ಫ್ರೆಂಚ್ ದೊರೆ 15ನೇ ಲೂಯಿ ಕಾಲದ ಕುರ್ಚಿಗೆ ಕಿತ್ತಳೆ ಬಣ್ಣದ ಉಣ್ಣೆಯನ್ನೋ ಕಪ್ಪು ಬಿಳುಪಿನ ದೊಡ್ಡ ಹೂವಿನ ಬಟ್ಟೆಯನ್ನೋ ಹೊದಿಸಿದರೆ ಕುರ್ಚಿಗೆ ಯಾವ ಅಪಚಾರವೂ ಆಗುವುದಿಲ್ಲ. ಕುರ್ಚಿ ಹಾಳಾಗುವುದು ಬೇರೆ ಕಾರಣಗಳಿಂದ: ಕೆತ್ತನೆಯನ್ನು ಉಜ್ಜಿ ತೆಗೆಯುವುದು, ಕುದುರೆ ಕೂದಲನ್ನು ಎಸೆದು ಫೋಮ್ ತುರುಕುವುದು, ಸಂದುಗಳಿಗೆ ಮತ್ತೆಂದೂ ಬಿಡದಂಥ ಅಂಟು ಸುರಿಯುವುದು. ಬಟ್ಟೆಯಲ್ಲಿ ಎಷ್ಟು ಬೇಕಾದರೂ ಧೈರ್ಯ ಮಾಡಿ. ಮರದಲ್ಲಿ, ಒಳಗೆ ತುಂಬಿ ಕಟ್ಟುವ ಒಡಲಿನಲ್ಲಿ ಹಳೆಯ ಕ್ರಮವನ್ನೇ ಹಿಡಿಯಿರಿ. ಮುಂದೆ ಹೇಳುವ ಕ್ರಮಕ್ಕೆಲ್ಲ ಇದೇ ಆಧಾರ.

ಕೈಯಲ್ಲಿರುವುದು ಯಾವ ಕುರ್ಚಿ

ತೋಳಿನ ಕೆಳಗೆ ಖಾಲಿ ಜಾಗ ಇದ್ದರೆ ಅದು ಫೋತೆಯ್. ತೋಳಿನಿಂದ ಆಸನದವರೆಗೆ ಬಟ್ಟೆ ಮುಚ್ಚಿದ್ದು, ಮೇಲೆ ಬಿಡಿ ದಿಂಬು ಇದ್ದರೆ ಬೆರ್ಜೇರ್. ಮೊದಲ ಸಲ ಕೈ ಹಾಕುವವರು ಫೋತೆಯ್‌ನಿಂದಲೇ ಶುರು ಮಾಡಬೇಕು. ಬೆರ್ಜೇರ್‌ಗೆ ಬಟ್ಟೆ ಎರಡು ಪಟ್ಟು ಬೇಕು, ಒಳಬದಿಯ ಮೂಲೆಗಳೂ ಕಷ್ಟ. ಈ ಬರಹ ಫೋತೆಯ್ ಕುರಿತದ್ದು.

15ನೇ ಲೂಯಿ ಶೈಲಿಯಲ್ಲಿ ಕಾಲುಗಳು ಬಾಗಿ ಬಳುಕಿರುತ್ತವೆ, ಬೆನ್ನಿನ ನೆತ್ತಿಯಲ್ಲಿ ಹೂವೋ ಚಿಪ್ಪೋ ಕೆತ್ತಿರುತ್ತದೆ, ತೋಳಿನ ಕಂಬ ಮುಂಗಾಲಿನ ನೇರಕ್ಕಿಲ್ಲದೆ ತುಸು ಹಿಂದಕ್ಕೆ ಸರಿದಿರುತ್ತದೆ. ಅಂದಿನ ಹೆಂಗಸರ ಅಗಲವಾದ ಲಂಗಕ್ಕೆ ಜಾಗ ಬೇಕಿತ್ತು. 16ನೇ ಲೂಯಿ ಶೈಲಿಯಲ್ಲಿ ಕಾಲು ನೆಟ್ಟಗೆ, ಕೆಳಗೆ ಕಿರಿದಾಗುತ್ತಾ ಇಳಿಯುತ್ತದೆ; ಅದರ ಮೇಲೆ ಉದ್ದ ಗೀರುಗಳು; ಕಾಲು ಆಸನವನ್ನು ಸೇರುವ ಕಡೆ ಚೌಕದೊಳಗೆ ಒಂದು ಹೂವು. ಈ ವ್ಯತ್ಯಾಸ ನೋಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೊದಲನೆಯದರ ಆಸನ ಗುಮ್ಮಟದಂತೆ ಉಬ್ಬಿರಬೇಕು, ಎರಡನೆಯದರ ಅಂಚು ಖಡಕ್ಕಾಗಿ ನಿಂತಿರಬೇಕು. ಒಂದರ ಒಡಲನ್ನು ಇನ್ನೊಂದಕ್ಕೆ ಕಟ್ಟಿದರೆ ಎಷ್ಟೇ ಒಳ್ಳೆಯ ಬಟ್ಟೆ ಹಾಕಿದರೂ ಕುರ್ಚಿ ಎಡವಟ್ಟಾಗಿ ಕಾಣುತ್ತದೆ.

ಕುರ್ಚಿಯನ್ನು ತಿರುವಿ ಹಾಕಿ ಆಸನದ ಸುತ್ತಲಿನ ಮರದ ಅಡ್ಡಪಟ್ಟಿಯ ತಳ ನೋಡಿ. ಪ್ಯಾರಿಸ್‌ನ ಬಡಗಿಗಳು ತಮ್ಮ ಹೆಸರಿನ ಮುದ್ರೆ ಒತ್ತಬೇಕೆಂಬ ನಿಯಮ 1743ರದ್ದು. ಅದು ಸರಿಯಾಗಿ ಜಾರಿಗೆ ಬಂದದ್ದು 1751ರಿಂದ, ಕಸುಬುದಾರರ ಸಂಘಗಳು ರದ್ದಾದದ್ದು 1791ರಲ್ಲಿ. ಬಡಗಿಗಳ ಸಂಘದ ಜೆಎಂಇ (JME) ಎಂಬ ಮುದ್ರೆಯೋ, ಆ ಕಾಲದ ಹೆಸರಾಂತ ಕುರ್ಚಿ ಬಡಗಿ ಜಾರ್ಜ್ ಜಾಕೋಬ್‌ನಂಥವರ ಹೆಸರೋ ಕಂಡರೆ ಉಳಿ ಕೆಳಗಿಟ್ಟು ತಿಳಿದವರಿಗೆ ತೋರಿಸಿ. ಅಂಥ ಕುರ್ಚಿಯಲ್ಲಿ ಹರಿದ ಗೋಣಿಗೂ ಬೆಲೆಯಿದೆ. ಮುದ್ರೆ ಇಲ್ಲದ ಮಾತ್ರಕ್ಕೆ ನಕಲು ಎಂದಲ್ಲ, ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಬಹುಪಾಲು 19ನೇ ಶತಮಾನದ ಉತ್ತರಾರ್ಧ ಮತ್ತು 20ನೇ ಶತಮಾನದ ಆರಂಭದಲ್ಲಿ ಅದೇ ಶೈಲಿಯಲ್ಲಿ ಮಾಡಿದವು. ಹೊಸ ಬಟ್ಟೆಯ ಪ್ರಯೋಗಕ್ಕೆ ಇವೇ ತಕ್ಕವು. ಇನ್ನೊಂದು ಸುಳಿವು: ಸೆಣಬಿನ ಪಟ್ಟಿಗಳನ್ನು ಅಡ್ಡಪಟ್ಟಿಯ ಮೇಲ್ಬದಿಗೆ ಬಡಿದಿದ್ದರೆ ಒಳಗೆ ಸ್ಪ್ರಿಂಗ್ ಇಲ್ಲ, ತಳಕ್ಕೆ ಬಡಿದಿದ್ದರೆ ಸ್ಪ್ರಿಂಗ್ ಇದೆ. 18ನೇ ಶತಮಾನದ ಆಸನಗಳಿಗೆ ಸ್ಪ್ರಿಂಗ್ ಇರಲಿಲ್ಲ.

ಬಟ್ಟೆ

ಪರದೆ ಬಟ್ಟೆಯ ವಿನ್ಯಾಸಕ್ಕೆ ಮನಸೋತು ಅದನ್ನೇ ಕುರ್ಚಿಗೆ ತರುವುದು ಸಾಮಾನ್ಯ ತಪ್ಪು. 1964ರಲ್ಲಿ ಮೈಯಾ ಇಸೋಲಾ ಬಿಡಿಸಿದ, ಫಿನ್ಲೆಂಡಿನ ಬಟ್ಟೆ ಕಂಪನಿ ಮರಿಮೆಕ್ಕೋದ ಉನಿಕ್ಕೋ ಹೂವಿನಂಥ ದೊಡ್ಡ ಅಚ್ಚುಗಳು ಈ ಕುರ್ಚಿಗಳ ಮೇಲೆ ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ಬರೀ ಹತ್ತಿಯ ಅಚ್ಚುಬಟ್ಟೆ ದಿನಾ ಕೂರುವ ಕುರ್ಚಿಯಲ್ಲಿ ಬೇಗ ಸವೆಯುತ್ತದೆ, ಮೊದಲು ಮುಂದಿನ ಅಂಚಿನಲ್ಲಿ. ಬಟ್ಟೆಯ ಚೀಟಿಯಲ್ಲಿ ಮೂರು ಅಂಕಿ ನೋಡಿ. ಸವೆತ ತಡೆಯುವ ಶಕ್ತಿಯ ಮಾರ್ಟಿಂಡೇಲ್ ಅಳತೆ ಮನೆಬಳಕೆಗೆ 25,000 ದಾಟಿರಲಿ. ಬಿಸಿಲಿಗೆ ಬಣ್ಣ ಉಳಿಯುವ ಅಳತೆ 1ರಿಂದ 8ರವರೆಗಿದ್ದು, 5ಕ್ಕಿಂತ ಕೆಳಗಿನದು ಬೇಡ. ಗಾಢ ಕೆಂಪು, ನೀಲಿಗಳು ಮಾಸಿದರೆ ತಕ್ಷಣ ಕಣ್ಣಿಗೆ ಬೀಳುತ್ತವೆ. ತೂಕ ಚದರ ಮೀಟರಿಗೆ 300ರಿಂದ 450 ಗ್ರಾಂ ಇದ್ದರೆ ಸಲೀಸು. 500 ದಾಟಿದ ಬಟ್ಟೆ ತೋಳಿನ ಕಂಬದ ಸುತ್ತ ಮಡಿಚಿದಾಗ ಗಂಟುಗಂಟಾಗಿ ನಿಲ್ಲುತ್ತದೆ.

ವಿನ್ಯಾಸಕ್ಕಿಂತ ಬಣ್ಣವೇ ಬೇಕೆನ್ನುವವರಿಗೆ ಉಣ್ಣೆಯಷ್ಟು ಒಳ್ಳೆಯದು ಬೇರೆ ಇಲ್ಲ. ಡೆನ್ಮಾರ್ಕಿನ ನಾನಾ ಡಿಟ್ಸೆಲ್ 1965ರಲ್ಲಿ ರೂಪಿಸಿದ ಹಾಲಿಂಗ್‌ಡಾಲ್ ಎಂಬ ಬಟ್ಟೆಯಲ್ಲಿ 70 ಭಾಗ ಉಣ್ಣೆ, 30 ಭಾಗ ವಿಸ್ಕೋಸ್. ಈ ಬಗೆಯ ಬಟ್ಟೆ ಎಳೆದತ್ತ ಬಾಗುತ್ತದೆ, ಉಬ್ಬಿದ ಆಸನದ ಮೇಲೆ ಸುಕ್ಕಿಲ್ಲದೆ ಕೂರುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚುತ್ತದೆ. ಚೌಕುಳಿ, ನೇರ ಪಟ್ಟೆಗಳನ್ನು ಮಾತ್ರ ಮೊದಲ ಕುರ್ಚಿಗೆ ಮುಟ್ಟಬೇಡಿ. ಗುಮ್ಮಟದಂಥ ಆಸನದ ಮೇಲೆ ನೇರ ಗೆರೆ ಬಾಗಿಯೇ ಬಾಗುತ್ತದೆ, ಬೆನ್ನಿನ ಪಟ್ಟೆಗೂ ಆಸನದ ಪಟ್ಟೆಗೂ ಅರ್ಧ ಬೆರಳು ವ್ಯತ್ಯಾಸ ಬಂದರೂ ದೂರದಿಂದ ಕಾಣುತ್ತದೆ. ಇಕ್ಕತ್ತಿನಂಥ ಅಂಚು ಕಲಸಿದ ವಿನ್ಯಾಸ, ದೊಡ್ಡ ಎಲೆ, ಬಣ್ಣದ ತೇಪೆಗಳು ಇದನ್ನು ತಡೆದುಕೊಳ್ಳುತ್ತವೆ. ಮೈಸೂರು ರೇಷ್ಮೆಯ ಹಳೆ ಸೀರೆ ಹೊದಿಸಬಹುದೇ ಎಂದು ಕೇಳುವ ಕನ್ನಡಿಗರು ಬಹಳ. ಆಸನಕ್ಕೆ ಬೇಡ, ತಿಂಗಳುಗಳಲ್ಲೇ ಎಳೆ ಬಿಡುತ್ತದೆ. ಬೆನ್ನಿನ ಹಿಂಭಾಗಕ್ಕೆ ಒಳಗೆ ಕೋರಾ ಬಟ್ಟೆ ಕೊಟ್ಟು ಹಾಕಿದರೆ ಚೆಂದ. ಮುಂದೊಂದು ಹಿಂದೊಂದು ಬಟ್ಟೆ ಹಾಕುವುದು ಫ್ರಾನ್ಸಿನಲ್ಲೂ ಹಳೆಯ ವಾಡಿಕೆಯೇ.

ಅಳತೆಗೆ ಬರೋಣ. ಸಾಮಾನ್ಯ ಗಾತ್ರದ ಫೋತೆಯ್‌ಗೆ ಆಸನಕ್ಕೆ 70 × 75 ಸೆಂ.ಮೀ., ಒಳಬೆನ್ನಿಗೂ ಹೊರಬೆನ್ನಿಗೂ 60 × 65ರಂತೆ ಒಂದೊಂದು, ತೋಳಿನ ಮೆತ್ತೆಗೆ 25 × 25ರ ಎರಡು ತುಂಡು. ಇದರಲ್ಲಿ ಎಳೆಯಲು ಬೇಕಾದ 5 ಸೆಂ.ಮೀ. ಎಲ್ಲ ಬದಿಯಲ್ಲೂ ಸೇರಿದೆ. ನಿಮ್ಮ ಕುರ್ಚಿಯನ್ನು ಟೇಪಿನಿಂದ ಉಬ್ಬಿನ ಮೇಲೆಯೇ ಅಳೆಯಿರಿ, ಚೌಕಟ್ಟನ್ನಲ್ಲ. 140 ಸೆಂ.ಮೀ. ಅಗಲದ ಸಾದಾ ಬಟ್ಟೆಯಾದರೆ ಒಂದೂವರೆ ಮೀಟರ್ ಸಾಕು. ದೊಡ್ಡ ವಿನ್ಯಾಸ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ: ಪ್ರತಿ ತುಂಡಿನ ನಡುವೆಯೂ ಹೂವು ಕೂರಬೇಕು, ಆದ್ದರಿಂದ ತುಂಡುಗಳನ್ನು ಒತ್ತೊತ್ತಾಗಿ ಕತ್ತರಿಸಲಾಗದು. 64 ಸೆಂ.ಮೀ.ಗೊಮ್ಮೆ ಮರುಕಳಿಸುವ ವಿನ್ಯಾಸಕ್ಕೆ 3 ಮೀಟರಿಗಿಂತ ಕಡಿಮೆ ತರಬೇಡಿ. ಮತ್ತೆ ಅರ್ಧ ಮೀಟರ್ ತರಲು ಹೋದರೆ ಬೇರೆ ಸಲದ ಬಣ್ಣದ ಬಟ್ಟೆ ಸಿಗುತ್ತದೆ, ಅದು ಹೊಂದುವುದಿಲ್ಲ.

ಬಿಚ್ಚುವುದು

ಎನ್95 ಮಾಸ್ಕ್ ಹಾಕಿಕೊಂಡು ಬಯಲಿನಲ್ಲೋ ಜಗಲಿಯಲ್ಲೋ ಕೂರಿ. ನೂರು ವರ್ಷದ ಧೂಳು ಒಳಗಿದೆ. ಪ್ರತಿ ಪದರ ತೆಗೆಯುವ ಮುನ್ನ ಫೋಟೋ ತೆಗೆಯಿರಿ, ವಿಶೇಷವಾಗಿ ಮೂಲೆಗಳನ್ನು ಮತ್ತು ತೋಳಿನ ಕಂಬದ ಸುತ್ತ ಬಟ್ಟೆ ಮಡಿಚಿದ ಬಗೆಯನ್ನು. ತಳದ ಕಪ್ಪು ಬಟ್ಟೆಯಿಂದ ಶುರು ಮಾಡಿ, ಹೊದಿಸಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚುತ್ತಾ ಬನ್ನಿ. ಮೊಂಡು ಉಳಿಯ ತುದಿಯನ್ನು ಮೊಳೆಯ ತಲೆಯ ಕೆಳಗೆ ಸಿಕ್ಕಿಸಿ ಕೊಡತಿಯಿಂದ ಮೆಲ್ಲಗೆ ಬಡಿಯಿರಿ, ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲಿ. ಎಳೆಗೆ ಅಡ್ಡವಾಗಿ ಬಡಿದರೆ ಒಣಗಿದ ಬೀಚ್ ಮರದ ಅಂಚು ಚಕ್ಕೆಯಾಗಿ ಹಾರುತ್ತದೆ. ಮೂಲೆಗಳಿಂದ ಒಳಕ್ಕೆ ಬಡಿಯಿರಿ, ಹೊರಕ್ಕಲ್ಲ. ಹಳೆ ಬಟ್ಟೆ ಚಿಂದಿಯಾಗಿದ್ದರೂ ತುಂಡುತುಂಡಾಗಿ ಗುರುತು ಬರೆದು ಎತ್ತಿಡಿ, ಕತ್ತರಿಸಲು ಅಳತೆಗೆ ಅದೇ ನಕ್ಷೆ.

ಒಳಗಿನ ಕುದುರೆ ಕೂದಲನ್ನು ಬಿಸಾಡಬೇಡಿ. ಅದು ಇಂದಿಗೂ ದುಬಾರಿ, ಇಂದಿಗೂ ಸೊಗಸು. ಪರದೆಯಂಥ ಚೀಲದಲ್ಲಿ ಹಾಕಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿ. ಆಮೇಲೆ ಕೈಯಿಂದ ಹಿಡಿಹಿಡಿಯಾಗಿ ಬಿಡಿಸಿದರೆ ಮುದ್ದೆಯಾಗಿದ್ದದ್ದು ಮತ್ತೆ ಸುರುಳಿ ಬಿಚ್ಚಿ ಎದ್ದು ನಿಲ್ಲುತ್ತದೆ.

ಮರ

ಖಾಲಿ ಚೌಕಟ್ಟನ್ನು ಎರಡು ತೋಳು ಹಿಡಿದು ಅಲುಗಿಸಿ. ಸಂದು ಕಿರುಗುಟ್ಟಿದರೆ ಈಗಲೇ ಸರಿ ಮಾಡಬೇಕು, ಬಟ್ಟೆ ಹೊದಿಸಿದ ಮೇಲೆ ದಾರಿಯಿಲ್ಲ. ಹಳೆಯ ಸಂದುಗಳನ್ನು ಸೇರಿಸಿದ್ದು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟಿನಿಂದ, ನಮ್ಮ ಹಳೆ ಬಡಗಿಗಳು ಬಳಸುತ್ತಿದ್ದ ಸರೇಸೂ ಅದೇ. ಬಿಸಿನೀರಿನ ಹಬೆ ತಾಗಿಸಿದರೆ ಬಿಡುತ್ತದೆ. ಹೊಸದಾಗಿ ಅಂಟಿಸುವಾಗಲೂ ಇದೇ ಇರಲಿ: ಹರಳುಗಳನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60 ಡಿಗ್ರಿಗೆ ಕಾಯಿಸಿ. 70 ದಾಟಿದರೆ ಅಂಟಿನ ಬಲ ಕುಂದುತ್ತದೆ. ಬಿಳಿ ಫೆವಿಕಾಲ್ ಗಟ್ಟಿಯಾಗಿಯೇ ಹಿಡಿಯುತ್ತದೆ, ತೊಂದರೆ ಅದೇ. ಮುಂದಿನ ರಿಪೇರಿಯವರು ಸಂದು ಬಿಡಿಸಲು ಹೋದರೆ ಅಂಟಿನ ಬದಲು ಮರ ಸೀಳುತ್ತದೆ.

ಬೀಚ್ ಮರಕ್ಕೆ ಕುಟ್ಟೆ ಹುಳುವಿನ ಕಾಟ ಜಾಸ್ತಿ. ತೂತುಗಳಿಂದ ಹೊಸದಾಗಿ ಹಿಟ್ಟು ಉದುರುತ್ತಿದ್ದರೆ ಹುಳು ಜೀವಂತವಾಗಿದೆ ಎಂದರ್ಥ. ಪರ್ಮೆಥ್ರಿನ್ ಇರುವ ಮರದ ಔಷಧಿಯನ್ನು ಬರಿ ಮರಕ್ಕೆ ಹಚ್ಚಿ, ತೂತುಗಳಿಗೆ ಸಿರಿಂಜಿನಿಂದ ಬಿಟ್ಟು, ಚೀಲದೊಳಗೆ ಕೆಲವು ದಿನ ಮುಚ್ಚಿಡಿ. ಮೊಳೆ ಬಡಿದು ಬಡಿದು ಜರಡಿಯಾದ ಅಡ್ಡಪಟ್ಟಿಗೆ ಸರೇಸಿನಲ್ಲಿ ಕಲಸಿದ ಮರದ ಹೊಟ್ಟು ತುಂಬಿ, ಮೇಲೆ ಅದೇ ಅಂಟಿನಲ್ಲಿ ಅದ್ದಿದ ಗಟ್ಟಿ ನಾರುಬಟ್ಟೆಯ ಪಟ್ಟಿ ಅಂಟಿಸಿ. ಮೊಳೆ ಮತ್ತೆ ಹಿಡಿಯುತ್ತದೆ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ಆಗ ವಾಲ್‌ನಟ್ ಮರಕ್ಕೆ ಸಾಮಾನ್ಯವಾಗಿ ಮೇಣ ಬಳಿಯುತ್ತಿದ್ದರು, ಬೀಚ್ ಮರಕ್ಕೆ ಬಣ್ಣ ಇಲ್ಲವೇ ಚಿನ್ನದ ಹಾಳೆ. ಮರ ಕಾಣಲಿ ಎಂದು ಬೀಚ್ ಕುರ್ಚಿಯ ಹಳೆ ಬಣ್ಣ ಕೆರೆದರೆ ಎಂದೂ ಇಲ್ಲದಿದ್ದ ರೂಪ ಕೊಟ್ಟಂತೆ. ಜೊತೆಗೆ ಹಳೆ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಒಣ ಮರಳುಕಾಗದದಿಂದ ಉಜ್ಜಲೇಬೇಡಿ. ಚಿನ್ನದ ಹಾಳೆಯ ಕೆಳಗೆ ಸೀಮೆಸುಣ್ಣ ಮತ್ತು ಅಂಟಿನ ಪದರವಿದೆ. ಒದ್ದೆ ಬಟ್ಟೆ ತಾಗಿಸಿದರೆ ಅದು ಕರಗಿ ಚಿನ್ನವೇ ಕೈಗೆ ಬರುತ್ತದೆ. ಮೆದು ಕುಂಚದಿಂದ ಧೂಳು ಕೊಡವಿದರೆ ಸಾಕು. ಮಾಸಿದ ಚಿನ್ನದ ಪಕ್ಕದಲ್ಲಿ ಹಸಿರು ಮಖಮಲ್ಲು ಹೊಳೆಯುವ ಹಾಗೆ ಹೊಸ ಚಿನ್ನದ ಪಕ್ಕದಲ್ಲಿ ಹೊಳೆಯುವುದಿಲ್ಲ. ಬಣ್ಣಕ್ಕೆ ಬಣ್ಣ ಪೈಪೋಟಿಗಿಳಿಯುತ್ತದೆ. ಚೌಕಟ್ಟಿನ ಸಮೇತ ಬಣ್ಣದ ಚುಕ್ಕೆಗಳಲ್ಲಿ ಮುಳುಗಿಸಿದ ಪ್ರೂಸ್ಟ್ ಕುರ್ಚಿಯನ್ನು ಇಟಲಿಯ ಅಲೆಸಾಂಡ್ರೊ ಮೆಂಡೀನಿ 1978ರಲ್ಲಿ ಮಾಡಿದರು. ಹಾಗೆ ಮಾಡುವ ಆಸೆಯಿದ್ದರೆ ಇತ್ತೀಚಿನ ನಕಲು ಕುರ್ಚಿಯ ಮೇಲೆ ಮಾಡಿ, ನಿಜವಾದ ಹಳೆಯದರ ಮೇಲಲ್ಲ.

ಒಡಲು

ಇಲ್ಲೊಂದು ಎಚ್ಚರಿಕೆ. ಅನೇಕ ಫೋತೆಯ್‌ಗಳ ಬೆನ್ನಿನಲ್ಲಿ ಬಟ್ಟೆ ಬಡಿಯುವ ತೋಡು ಮುಂಭಾಗದಲ್ಲಿ ಮಾತ್ರ ಇರುತ್ತದೆ. ಅಂಥವಕ್ಕೆ ಹೊರಬೆನ್ನಿನ ಬಟ್ಟೆಯನ್ನೇ ಎಲ್ಲಕ್ಕಿಂತ ಮೊದಲು, ಅದರ ಸರಿಬದಿ ಹಿಂದಕ್ಕೆ ಮಾಡಿ, ಮುಂದಿನಿಂದ ಬಡಿಯಬೇಕು. ಆಮೇಲೆ ಅದರ ಮೇಲೆ ಪಟ್ಟಿ, ಗೋಣಿ, ಕೂದಲು, ಕೊನೆಗೆ ಒಳಬೆನ್ನಿನ ಬಟ್ಟೆ. ಇದನ್ನು ನೋಡದೆ ಒಳಬೆನ್ನು ಮುಗಿಸಿದವರಿಗೆ ಹಿಂದೆ ಬಡಿಯಲು ಜಾಗವೇ ಇರುವುದಿಲ್ಲ, ಇಡೀ ಬೆನ್ನನ್ನು ಮತ್ತೆ ಬಿಚ್ಚಬೇಕು. ಹೊರಬೆನ್ನಿನ ಹೂವು ತಲೆಕೆಳಗಾಗಿದೆಯೇ ಎಂದು ಬಡಿಯುವ ಮುನ್ನ ಕುರ್ಚಿ ನಿಲ್ಲಿಸಿ ಹಿಂದಿನಿಂದ ನೋಡಿ.

ಆಸನಕ್ಕೆ ಸೆಣಬಿನ ಪಟ್ಟಿಗಳನ್ನು ನಡುವಿನಿಂದ ಹೊರಕ್ಕೆ, ಒಂದರ ಮೇಲೊಂದು ಹೆಣೆದು, ನಡುವೆ ಪಟ್ಟಿಯ ಅಗಲಕ್ಕಿಂತ ಕಡಿಮೆ ಸಂದು ಬಿಟ್ಟು ಬಡಿಯಿರಿ. ತುದಿಗೆ ಮೂರು ಮೊಳೆ, ಮಡಿಚಿ ಮೇಲೆ ಎರಡು. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರುವಷ್ಟು ಬಿಗಿ ಇರಲಿ. ಆದರೆ ಬೆನ್ನಿನ ಪಟ್ಟಿಗಳನ್ನು ಅಷ್ಟು ಎಳೆಯಬಾರದು, ತೆಳುವಾದ ಬಾಗಿದ ಚೌಕಟ್ಟು ಒಳಕ್ಕೆ ಬಗ್ಗಿ ಸಂದು ಬಿಡುತ್ತದೆ. ಪಟ್ಟಿಯ ಮೇಲೆ ಗೋಣಿಬಟ್ಟೆ, ಅದರ ಮೇಲೆ ದಬ್ಬಳದಿಂದ ಸಡಿಲ ಹೊಲಿಗೆಯ ಕುಣಿಕೆಗಳು, ಆ ಕುಣಿಕೆಗಳ ಕೆಳಗೆ ಕೂದಲನ್ನು ಸಿಕ್ಕಿಸುತ್ತಾ ಹೋಗಿ. ಕುಣಿಕೆ ಇಲ್ಲದಿದ್ದರೆ ಕೂರುವಾಗ ಕೂದಲು ಪಕ್ಕಕ್ಕೆ ಸರಿದು ನಡುವೆ ಗುಂಡಿ ಬೀಳುತ್ತದೆ. ಅಂಚಿಗೆ ಹೆಚ್ಚು ತುಂಬಿ, ಮೇಲೆ ಇನ್ನೊಂದು ಸಡಿಲ ನೇಯ್ಗೆಯ ಗೋಣಿ ಹೊದಿಸಿ, ಎರಡು ತುದಿಯೂ ಚೂಪಾದ ಉದ್ದ ಸೂಜಿಯಿಂದ ಅಂಚಿನ ಸುತ್ತ ಎರಡು ಸಾಲು ಹೊಲಿಯಿರಿ. ಮೊದಲ ಸಾಲು ಕೂದಲನ್ನು ಒಳಗಿನಿಂದ ಅಂಚಿಗೆ ಎಳೆಯುತ್ತದೆ, ಎರಡನೆಯದು ಬೆರಳು ದಪ್ಪದ ಗಟ್ಟಿ ಸುರುಳಿಯನ್ನು ನಿಲ್ಲಿಸುತ್ತದೆ. ಕುರ್ಚಿಯ ಆಕಾರವೆಲ್ಲ ಈ ಸುರುಳಿಯಲ್ಲಿದೆ. 16ನೇ ಲೂಯಿ ಶೈಲಿಗೆ ಮೂರು ಸಾಲು ಹಾಕಿ ಅಂಚನ್ನು ಇನ್ನೂ ನೆಟ್ಟಗೆ ಮಾಡಬಹುದು. ಕೊನೆಗೆ ತೆಳುವಾಗಿ ಇನ್ನಷ್ಟು ಕೂದಲು, ಕೋರಾ ಬಟ್ಟೆ, ಅದರ ಮೇಲೆ ಹತ್ತಿಯ ಹಾಸು. ಹತ್ತಿ ಬಿಟ್ಟರೆ ಕೂದಲ ತುದಿಗಳು ಬಟ್ಟೆಯನ್ನು ಚುಚ್ಚಿ ಹೊರಬರುತ್ತವೆ.

ಬೆಂಗಳೂರಿನ ಹೆಚ್ಚಿನ ಕುಶನ್ ಕೆಲಸದವರ ಬಳಿ ಕುದುರೆ ಕೂದಲಿಲ್ಲ. ಹಳೆಯದು ಸಾಲದಿದ್ದರೆ ತಳದ ಪದರಕ್ಕೆ ಬಿಡಿಸಿದ ತೆಂಗಿನ ನಾರು, ಮೇಲಿನ ಪದರಕ್ಕೆ ಇದ್ದಷ್ಟು ಕೂದಲು ಬಳಸಿ. ಫ್ರಾನ್ಸಿನಲ್ಲೂ ತೆಂಗಿನ ನಾರು ತುಂಬುವುದುಂಟು. ರಬ್ಬರ್ ಹಾಕಿದ ನಾರಿನ ಹಲಗೆಯಾಗಲೀ 4 ಇಂಚಿನ ಫೋಮ್ ಆಗಲೀ ಬೇಡ. ಅಂಚು ದುಂಡಗೆ ಉಬ್ಬಿ ಅಡ್ಡಪಟ್ಟಿಯ ಕೆತ್ತನೆಯನ್ನು ಮುಚ್ಚುತ್ತದೆ, ಆಸನ ಎತ್ತರವಾಗಿ ತೋಳು ಕುಳ್ಳಾದಂತೆ ಕಾಣುತ್ತದೆ. ಯುರೋಪಿನಿಂದ ಈಚೆಗೆ ತಂದ ಕುರ್ಚಿಯಾದರೆ ಒಂದೆರಡು ತಿಂಗಳು ಇಲ್ಲಿನ ಹವೆಗೆ ಬಿಟ್ಟು ಆಮೇಲೆ ಕೈ ಹಚ್ಚಿ. ಬೀಚ್ ಮರ ತೇವಕ್ಕೆ ಬೇಗ ಹಿಗ್ಗುತ್ತದೆ, ಕುಗ್ಗುತ್ತದೆ.

ಹೊದಿಸುವುದು

ಕತ್ತರಿ ಹಿಡಿಯುವ ಮುನ್ನ ಇಡೀ ಬಟ್ಟೆಯನ್ನು ಕುರ್ಚಿಯ ಮೇಲೆ ಹರಡಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಬೆನ್ನಿನಲ್ಲಿ ವಿನ್ಯಾಸದ ನಡುಭಾಗ ಲೆಕ್ಕದ ಮಧ್ಯಕ್ಕಿಂತ ಎರಡು ಮೂರು ಬೆರಳು ಮೇಲಿರಲಿ, ಏಕೆಂದರೆ ಕೆಳಭಾಗವನ್ನು ಆಸನದ ಉಬ್ಬು ಮರೆಮಾಡುತ್ತದೆ. ಆಸನದಲ್ಲಿ ಹೂವಿನ ತಲೆ ಬೆನ್ನಿನ ಕಡೆಗೆ. ಮಖಮಲ್ಲಾದರೆ ಅದರ ನವಿರೆಳೆಗಳು ಮಲಗುವ ದಿಕ್ಕು ಬೆನ್ನಿನಲ್ಲಿ ಕೆಳಮುಖ, ಆಸನದಲ್ಲಿ ಮುಂದಕ್ಕೆ. ತಿರುಗಾಮುರುಗಾ ಆದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ತೋಳಿನ ಎರಡು ಮೆತ್ತೆಗಳಿಗೆ ವಿನ್ಯಾಸದ ಒಂದೇ ಭಾಗವನ್ನು ಆರಿಸಿ, ಇಲ್ಲವೇ ಧೈರ್ಯವಾಗಿ ಬೇರೆಯದೇ ಬಣ್ಣ ಹಾಕಿ. ಅರ್ಧಂಬರ್ಧ ಹೊಂದಿದರೆ ತಪ್ಪಿನಂತೆ ಕಾಣುತ್ತದೆ.

ಆಸನದ ಬಟ್ಟೆಯ ನಾಲ್ಕೂ ಬದಿಯ ಮಧ್ಯಕ್ಕೆ ಸಣ್ಣ ಗುರುತು ಮಾಡಿ, ಅಡ್ಡಪಟ್ಟಿಗಳ ಮಧ್ಯಕ್ಕೂ ಮಾಡಿ. ಹಿಂದೆ ಒಂದು ಮೊಳೆ, ಮುಂದೆ ಒಂದು, ಎಡಬಲ ಒಂದೊಂದು, ಎಲ್ಲವೂ ಅರ್ಧ ಮಾತ್ರ ಬಡಿದವು. ಈ ಹಂತದಲ್ಲಿ ಬಟ್ಟೆಯ ಹಾಸಿನ ಎಳೆ ನೇರವಾಗಿದೆಯೇ ನೋಡಿ, ಸೊಟ್ಟಗಿದ್ದರೆ ಬಿಚ್ಚಿ ಮತ್ತೆ. ನಡುವಿನಿಂದ ಮೂಲೆಯ ಕಡೆಗೆ ಅಂಗೈಯಿಂದ ಸವರುತ್ತಾ, ಎರಡು ಮೂರು ಸೆಂ.ಮೀ.ಗೊಂದರಂತೆ 10 ಮಿ.ಮೀ. ಮೊಳೆ ಬಡಿಯಿರಿ. ಕೈಯಿಂದ ಸವರಿ ಬಿಗಿ ತರಬೇಕೇ ಹೊರತು ಅಂಚು ಹಿಡಿದು ಜಗ್ಗಿ ಅಲ್ಲ. ಜಗ್ಗಿದ ಕಡೆಯೆಲ್ಲ ಮೊಳೆಯಿಂದ ಹೊರಟ ಗೀರುಗಳು ಉಳಿಯುತ್ತವೆ.

ತೋಳಿನ ಕಂಬದ ಬಳಿ ಬಟ್ಟೆ ಸೀಳುವುದೇ ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಗಳಿಗೆ. ಬಟ್ಟೆಯನ್ನು ಕಂಬಕ್ಕೆ ತಾಗುವಂತೆ ಹಿಂದಕ್ಕೆ ಮಡಿಚಿ, ಅಂಚಿನಿಂದ ಕಂಬದ ಮಧ್ಯಕ್ಕೆ ನೇರವಾಗಿ ಕತ್ತರಿಸಿ, ಮಡಿಕೆಗೆ 2 ಸೆಂ.ಮೀ. ಇರುವಾಗ ನಿಲ್ಲಿ. ಅಲ್ಲಿಂದ ಕಂಬದ ಎರಡು ಮೂಲೆಗಳಿಗೆ ಕವಲಾಗಿ ಕತ್ತರಿಸಿ, ಮೂಲೆ ಮುಟ್ಟುವ ಅರ್ಧ ಸೆಂ.ಮೀ. ಮೊದಲೇ ಬಿಡಿ. ಬಟ್ಟೆಯನ್ನು ಕೆಳಗಿಳಿಸಿ ನೋಡಿ, ಬಿಗಿ ಎನಿಸಿದರೆ ಕತ್ತರಿಯ ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಹೋಗಿ. ಹೆಚ್ಚು ಕತ್ತರಿಸಿದರೆ ಕಂಬದ ಬುಡದಲ್ಲಿ ತೂತು ಕಾಣುತ್ತದೆ, ಅದನ್ನು ಮುಚ್ಚಲು ಉಪಾಯವಿಲ್ಲ. ಹೊಸ ತುಂಡೇ ಬೇಕು. ಒಂದು ಸಲ ಕೋರಾ ಬಟ್ಟೆಯ ಮೇಲೆ ಈ ಸೀಳನ್ನು ಮಾಡಿ ನೋಡಿಕೊಂಡರೆ ಕೈಗೆ ಅಂದಾಜು ಸಿಗುತ್ತದೆ.

ಚಿನ್ನ ಹಚ್ಚಿದ ಚೌಕಟ್ಟಾದರೆ ಅದರ ಮೇಲೆ ಅಂಟು ಟೇಪು ಹಾಕಬೇಡಿ, ತೆಗೆಯುವಾಗ ಚಿನ್ನವೂ ಬರುತ್ತದೆ. ಮೆದು ಬಟ್ಟೆ ಸುತ್ತಿ ದಾರ ಕಟ್ಟಿ. ಸುತ್ತಿಗೆಯ ಪೆಟ್ಟಿಗೆ ಸುಣ್ಣದ ಪದರ ಬಿರಿಯುವುದರಿಂದ ಇಂಥ ಕುರ್ಚಿಗೂ, ಮರ ತೀರಾ ಸೋತ ಕುರ್ಚಿಗೂ ತೆಳು ಸ್ಟೇಪಲ್ ಪಿನ್ನೇ ವಾಸಿ.

ಅಂಚು

ಕತ್ತರಿಸಿದ ಅಂಚು ಮತ್ತು ಮೊಳೆಯ ತಲೆ ಮುಚ್ಚಲು ಮೂರು ದಾರಿ: ನೇಯ್ದ ಅಂಚುಪಟ್ಟಿ, ಜೋಡಿ ಪೈಪಿಂಗ್ (ಒಳಗೆ ಎರಡು ಹುರಿ ಇಟ್ಟು ಹೊಲಿದ ಬಟ್ಟೆಪಟ್ಟಿ), ಗುಬಟಿ ಮೊಳೆಯ ಸಾಲು. ಹೊಸ ವಿನ್ಯಾಸದ ಬಟ್ಟೆಗೆ ಹೂಬಳ್ಳಿಯ ಹಳೆ ಅಂಚುಪಟ್ಟಿ ಒಗ್ಗುವುದಿಲ್ಲ. ಅದೇ ಬಟ್ಟೆಯನ್ನು ಕ್ರಾಸ್ ಕತ್ತರಿಸಿ ಮಾಡಿದ ಜೋಡಿ ಪೈಪಿಂಗ್ ಅಚ್ಚುಕಟ್ಟು. ವಿನ್ಯಾಸದಲ್ಲಿ ಎಲ್ಲೋ ಸಣ್ಣದಾಗಿ ಇರುವ ಬಣ್ಣವನ್ನು ಎತ್ತಿ ಪೈಪಿಂಗ್‌ಗೆ ಕೊಟ್ಟರೆ ಇನ್ನೂ ಚೆಂದ. 11 ಮಿ.ಮೀ. ತಲೆಯ ಗುಬಟಿ ಮೊಳೆ ಒತ್ತೊತ್ತಾಗಿ ಹೊಡೆದರೆ ಮೀಟರಿಗೆ 90ರಷ್ಟು ಬೇಕು, ಅಂದರೆ ಮರಕ್ಕೆ 90 ಹೊಸ ತೂತು. ಮೊದಲೇ ಗುಬಟಿ ಮೊಳೆ ಇದ್ದ ಕುರ್ಚಿಗಷ್ಟೇ ಅದು ಸರಿ. ಪೈಪಿಂಗ್ ಅಂಟಿಸುವಾಗ ಬಿಸಿ ಅಂಟಿನ ಗನ್ ಕಡಿಮೆ ಬಳಸಿ, ಹೆಚ್ಚಾದದ್ದು ತೆಳು ಬಟ್ಟೆಯಲ್ಲಿ ಕಲೆಯಾಗಿ ಮೂಡುತ್ತದೆ.

ತಳಕ್ಕೆ ಕಪ್ಪು ಹತ್ತಿಬಟ್ಟೆ ಬಡಿಯಿರಿ. ಪ್ಲಾಸ್ಟಿಕ್ ಹಾಳೆ ಹಾಕಿದರೆ ಮಳೆಗಾಲದಲ್ಲಿ ಒಳಗೆ ಬೂಷ್ಟು ಬರುತ್ತದೆ. ಮುಚ್ಚುವ ಮುನ್ನ ಹಳೆ ಬಟ್ಟೆಯ ಅಂಗೈಯಗಲದ ತುಂಡು, ಹೊಸ ಬಟ್ಟೆಯ ಹೆಸರು, ಇಸವಿ, ಏನೇನು ದುರಸ್ತಿ ಮಾಡಿದಿರಿ ಎಂಬ ಚೀಟಿಯನ್ನು ಒಂದು ಬಟ್ಟೆಯ ಲಕೋಟೆಯಲ್ಲಿಟ್ಟು ಒಳಗಿನ ಸೆಣಬಿನ ಪಟ್ಟಿಗೆ ಕಟ್ಟಿಡಿ. ಉಳಿದ ಹೊಸ ಬಟ್ಟೆಯನ್ನು ಎಸೆಯಬೇಡಿ. ತೋಳಿನ ಮೆತ್ತೆಯೂ ಬೇಗ ಸವೆಯುತ್ತದೆ, ಅದೊಂದನ್ನೇ ಬದಲಿಸಲು 25 ಸೆಂ.ಮೀ. ಚೌಕದ ಎರಡು ತುಂಡು ಸಾಕು.